ವಾತವೆಂಬ ಹೆಸರು ಒಂದೇ, ಬೇನೆಗಳು ಹಲವು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ಕೈಕಾಲಿನ ಗಂಟು ಹಿಡಿದುಕೊಂಡರೆ ಅದಕ್ಕೆ ಸಿಗುವ ಹೆಸರು ಒಂದೇ: ವಾತ. ಅಡಿಕೆ ಮರ ಹತ್ತಿ ಇಳಿದು ಮೊಣಕಾಲು ಸವೆಸಿಕೊಂಡ ಅರುವತ್ತರ ಹಿರಿಯರಿಗೂ ವಾತ. ಬೀಡಿ ಕಟ್ಟುವ ಮೂವತ್ತರ ಗೃಹಿಣಿಯ ಬೆರಳು ಬಾತರೂ ವಾತ. ಶಾಲೆಗೆ ಹೋಗುವ ಹುಡುಗನಿಗೆ ಗಂಟಲುನೋವಿನ ಬೆನ್ನಿಗೆ ಮಂಡಿ ಊದಿಕೊಂಡರೂ ವಾತ. 2008ರ ಮಳೆಗಾಲದ ಬಳಿಕ ಇದಕ್ಕೆ ಇನ್ನೊಂದು ಹೆಸರೂ ಜತೆಯಾಯಿತು. ಅದು ಚಿಕುನ್‌ಗುನ್ಯಾ. ಅಂದಿನಿಂದ ಎಷ್ಟೋ ಮನೆಗಳಲ್ಲಿ ಯಾವ ಗಂಟುನೋವು ಬಂದರೂ ಅದು ಹಳೆಯ ಜ್ವರದ ಬಾಕಿ ಎಂಬ ಲೆಕ್ಕ.

ಹೆಸರು ಯಾವುದಾದರೇನು, ನೋವು ನೋವೇ ಅಲ್ಲವೇ ಎಂದು ಕೇಳಬಹುದು. ಆದರೆ ಇವುಗಳಲ್ಲಿ ಒಂದು ವಯಸ್ಸಿನ ಸವೆತ, ಒಂದು ತಾನಾಗಿಯೇ ಇಳಿಯುವಂಥದ್ದು, ಇನ್ನೊಂದು ಹೃದಯಕ್ಕೆ ಕೈಹಾಕುವಂಥದ್ದು, ಮತ್ತೊಂದು ಎರಡೇ ವರ್ಷಗಳಲ್ಲಿ ಬೆರಳುಗಳನ್ನು ಸೊಟ್ಟಗಾಗಿಸಬಲ್ಲದು. ಇವುಗಳನ್ನು ಬೇರೆ ಬೇರೆಯೆಂದು ಗುರುತಿಸಲು ವೈದ್ಯಲೋಕಕ್ಕೆ ನೂರಾರು ವರ್ಷಗಳೇ ಬೇಕಾದವು.

ಬಾಗಿಸಿದ ಜ್ವರ

ಚಿಕುನ್‌ಗುನ್ಯಾ ಎಂಬುದು ಆಫ್ರಿಕದ ಮಾಕೊಂಡೆ ಭಾಷೆಯ ಪದ. ಬಾಗಿಸುವಂಥದ್ದು ಎಂದು ಅದರ ಅರ್ಥ. 1952ರಲ್ಲಿ ಇಂದಿನ ತಾಂಜಾನಿಯದ ದಕ್ಷಿಣ ಭಾಗದಲ್ಲಿ ಈ ಜ್ವರವನ್ನು ಮೊದಲು ಗುರುತಿಸಲಾಯಿತು. ಭಾರತದಲ್ಲಿ ಅದು ಕಾಣಿಸಿಕೊಂಡದ್ದು 1963ರಲ್ಲಿ, ಕಲ್ಕತ್ತದಲ್ಲಿ. ಮರುವರ್ಷ ಮದರಾಸು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿ. ಆಮೇಲೆ ಮೂರು ದಶಕಗಳ ಕಾಲ ಅದರ ಸುದ್ದಿಯೇ ಇರಲಿಲ್ಲ. 2005ರ ಕೊನೆಗೆ ಮರಳಿ ಬಂದದ್ದು 2006ರಲ್ಲಿ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣಗಳಿಗೆ ಕಾರಣವಾಯಿತು. ಆಗ ಹೆಚ್ಚು ನರಳಿದ್ದು ಬಯಲುಸೀಮೆ.

ಕರಾವಳಿಯ ಸರದಿ ಬಂದದ್ದು 2008ರಲ್ಲಿ. ಸುಳ್ಯ, ಪುತ್ತೂರು, ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳ ತೋಟದ ಊರುಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದ ದಿನಗಳು ಅವು. ಇದಕ್ಕೂ ಕಾರಣವುಂಟು. ವೈರಸ್ಸಿನಲ್ಲಿ ಆದ ಒಂದು ಸಣ್ಣ ಬದಲಾವಣೆಯಿಂದ ಅದು ಹುಲಿಸೊಳ್ಳೆಯ ದೇಹದಲ್ಲಿ ಸುಲಭವಾಗಿ ಬೆಳೆಯುವಂತಾಗಿತ್ತು. ರಿಯೂನಿಯನ್ ದ್ವೀಪದಲ್ಲಿ ಕಂಡುಬಂದಿದ್ದ ಈ ಬದಲಾವಣೆ 2007ರಲ್ಲಿ ಕೇರಳದಲ್ಲೂ ಪತ್ತೆಯಾಗಿತ್ತು. ಹುಲಿಸೊಳ್ಳೆಗೆ ಪಟ್ಟಣದ ತೊಟ್ಟಿಗಿಂತ ತೋಟವೇ ಇಷ್ಟ. ರಬ್ಬರ್ ಹಾಲು ಇಳಿಸುವ ಚಿಪ್ಪು, ಅಡಿಕೆ ಮರದಿಂದ ಬಿದ್ದ ಹಾಳೆ, ಇವುಗಳಲ್ಲಿ ನಿಂತ ಮಳೆನೀರು ಅದಕ್ಕೆ ಸಾಕು.

ಜ್ವರವೇನೋ ಒಂದು ವಾರದಲ್ಲಿ ಬಿಟ್ಟಿತು. ಬಿಡದೆ ಉಳಿದದ್ದು ಕೀಲುನೋವು. ಹೆಚ್ಚಿನವರಿಗೆ ಅದು ವಾರಗಳಲ್ಲಿ, ಕೆಲವೇ ತಿಂಗಳುಗಳಲ್ಲಿ ಇಳಿಯಿತು. ಇನ್ನು ಕೆಲವರಿಗೆ ವರ್ಷಗಟ್ಟಲೆ ಕಾಡಿತು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬಾರದು, ಎರಡೂ ಕೈಗಳ ಸಣ್ಣ ಗಂಟುಗಳಲ್ಲಿ ಬಾವು. ಈ ಚಿಹ್ನೆಗಳು ಆಮವಾತ ಎಂದು ನಾವು ಕರೆಯುವ ರುಮಟಾಯ್ಡ್ ಆರ್ಥ್ರೈಟಿಸ್‌ನ ಚಿಹ್ನೆಗಳನ್ನೇ ಹೋಲುತ್ತವೆ. ತೊಡಕು ಹುಟ್ಟುವುದು ಇಲ್ಲಿಯೇ.

ಹಳೆಯ ಓಲೆಗಳಲ್ಲಿ

ಗಂಟುನೋವುಗಳಲ್ಲಿ ಭೇದವುಂಟೆಂಬುದು ನಮ್ಮ ಹಿಂದಿನ ವೈದ್ಯರಿಗೆ ತಿಳಿಯದ ಸಂಗತಿಯಲ್ಲ. ಚರಕಸಂಹಿತೆಯಲ್ಲಿ ವಾತವ್ಯಾಧಿ ಬೇರೆ, ವಾತರಕ್ತ ಬೇರೆ. ಸುಮಾರು ಏಳು-ಎಂಟನೆಯ ಶತಮಾನದ ಮಾಧವನಿದಾನದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಚೇಳು ಕುಟುಕಿದಂಥ ನೋವು, ಬಾವು, ಜ್ವರ, ಅರುಚಿ ಎಂದು ಅದು ಪಟ್ಟಿ ಮಾಡುತ್ತದೆ. ನೋವು ಗಂಟಿನಲ್ಲಿ ಕಂಡರೂ ಕಾಯಿಲೆ ಇಡೀ ದೇಹದ್ದು ಎಂಬ ಗ್ರಹಿಕೆ ಅಲ್ಲಿತ್ತು.

ಮೂಡುಬಿದಿರೆಯನ್ನು ಜೈನಕಾಶಿ ಎನ್ನುತ್ತೇವೆ. ಜೈನರಲ್ಲಿಯೂ ಒಂದು ವೈದ್ಯಪರಂಪರೆ ಇತ್ತು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ ಮದ್ಯ, ಮಾಂಸ, ಜೇನುಗಳನ್ನು ಬಿಟ್ಟು ಚಿಕಿತ್ಸೆ ಹೇಳಿದ ಸಂಸ್ಕೃತ ಗ್ರಂಥ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿಯೇ ಬರೆದ. ವೈದ್ಯವು ಜನರ ಮಾತಿನಲ್ಲಿ ಇರಬೇಕೆಂಬ ಆಸೆ ನಮ್ಮಲ್ಲಿ ಎಂಟುನೂರು ವರ್ಷಕ್ಕೂ ಹಳೆಯದು.

ಪ್ಯಾರಿಸಿನ ಬಡ ಹೆಂಗಸರು

ಯುರೋಪಿನಲ್ಲಿ ಬಹುಕಾಲ ಕೀಲುಬೇನೆ ಎಂದರೆ ಗೌಟ್ ಎಂಬ ಸಿರಿವಂತರ ಕಾಯಿಲೆಯೇ ನೆನಪಾಗುತ್ತಿತ್ತು. 1800ರಲ್ಲಿ ಲಾಂದ್ರೆ-ಬೋವೆ ಎಂಬ ತರುಣ ವೈದ್ಯ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಒಂದು ವಿಚಿತ್ರ ಗಮನಿಸಿದ. ತಿಂದುಂಡು ಸುಖವಾಗಿದ್ದ ಗಂಡಸರಿಗೆ ಬರುವುದೆಂದು ನಂಬಿದ್ದ ಕಾಯಿಲೆಯಂಥದೇ ಒಂದು ಬೇನೆ ಇಲ್ಲಿ ಬಡ ಹೆಂಗಸರನ್ನು ಹಿಡಿದಿತ್ತು. ಒಂದಲ್ಲ, ಹಲವು ಕೀಲುಗಳು ಒಟ್ಟಿಗೆ ಕೆಟ್ಟಿದ್ದವು. ಇದು ಬೇರೆಯೇ ಇರಬೇಕೆಂದು ಅವನು ತನ್ನ ಪ್ರಬಂಧದಲ್ಲಿ ಬರೆದ. 1859ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಅದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಹೆಸರಿಟ್ಟ. ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿದವನೂ ಅವನೇ.

ಬೇಲಿಯೇ ಹೊಲ ಮೇಯ್ದಾಗ

ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಹೊರಗಿನ ಶತ್ರುವನ್ನು ಕೊಲ್ಲುತ್ತದೆಯೇ ಹೊರತು ತನ್ನ ಮೇಲೆಯೇ ತಿರುಗಿಬೀಳಲಾರದು ಎಂದು ಇಪ್ಪತ್ತನೆಯ ಶತಮಾನದ ಆರಂಭದ ವಿಜ್ಞಾನಿಗಳು ಸಾಮಾನ್ಯವಾಗಿ ನಂಬಿದ್ದರು. 1940ರಲ್ಲಿ ನಾರ್ವೆಯ ಎರಿಕ್ ವಾಲರ್ ಈ ರೋಗಿಗಳ ರಕ್ತದಲ್ಲಿ, ಕುರಿಯ ರಕ್ತಕಣಗಳನ್ನು ಗಂಟುಕಟ್ಟಿಸುವ ಒಂದು ವಸ್ತುವನ್ನು ಕಂಡ ಬಗ್ಗೆ ವರದಿ ಮಾಡಿದ. ದೇಹ ತನ್ನದೇ ಪ್ರತಿಕಾಯಗಳ ವಿರುದ್ಧ ತಯಾರಿಸಿದ ಪ್ರತಿಕಾಯ ಅದು. ಇಂದು ಮಂಗಳೂರಿನ ಲ್ಯಾಬಿನಲ್ಲಿ ‘ಆರ್‌ಎ ಫ್ಯಾಕ್ಟರ್’ ಎಂದು ಬರೆದುಕೊಡುವ ಪರೀಕ್ಷೆಯ ಮೂಲ ಅದೇ.

ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತೇವಲ್ಲ, ಸ್ವಯಂನಿರೋಧಕ ಕಾಯಿಲೆ ಎಂದರೆ ಅದೇ. ಕೀಲಿನ ಒಳಪದರವನ್ನು ರಕ್ಷಣಾಕಣಗಳು ಮುತ್ತುತ್ತವೆ. ಪದರ ಊದಿ ದಪ್ಪಗಾಗುತ್ತದೆ, ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಇದೇ ಬಳಗಕ್ಕೆ ಸೇರಿದವು ಇನ್ನೂ ಇವೆ. ತರುಣರಿಗೆ ಮುಂಜಾನೆ ಸೊಂಟ ಹಿಡಿದು, ನಡೆದಾಡಿದರೆ ಸಡಿಲಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಕೆನ್ನೆ ಕೆಂಪಾಗಿಸಿ ಮೂತ್ರಪಿಂಡದ ತನಕ ಹೋಗುವ ಲೂಪಸ್. ಸೋರಿಯಾಸಿಸ್ ಚರ್ಮರೋಗದ ಜತೆಗೆ ಬರುವ ಕೀಲುಬಾವು. ಮಕ್ಕಳಲ್ಲಿ ಗಂಟಲು ಸೋಂಕಿನ ಎರಡು ಮೂರು ವಾರಗಳ ಬಳಿಕ ಒಂದು ಗಂಟಿನಿಂದ ಇನ್ನೊಂದಕ್ಕೆ ಹಾರುವ ರುಮ್ಯಾಟಿಕ್ ಜ್ವರ. ಈ ಕೊನೆಯದು ಕೀಲನ್ನು ಬಿಟ್ಟುಹೋಗುತ್ತದೆ. ಆದರೆ ಹೃದಯದ ಕವಾಟವನ್ನು ಕೆಡಿಸಬಲ್ಲದು. ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಹಾಕಿಸಬೇಕಾಗುವುದು ಅದಕ್ಕಾಗಿಯೇ.

ಎಲ್ಲ ಕೀಲುಬೇನೆಯೂ ಈ ಬಳಗದ್ದಲ್ಲ. ಎಪ್ಪತ್ತರ ದಶಕದಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಜನರ ಸೊಂಟ, ಮಂಡಿಗಳು ಕುಸಿಯತೊಡಗಿದಾಗ ಗದ್ದೆಯ ಏಡಿಗಳ ಮೇಲೆ, ಅವುಗಳಲ್ಲಿ ಸೇರಿದ ಕೀಟನಾಶಕದ ಮೇಲೆ ಸಂಶಯ ಹೋಗಿತ್ತು. ಅದು ವಂಶಪಾರಂಪರ್ಯವಾಗಿ ಬರುವ ಎಲುಬಿನ ರೋಗವೆಂಬುದು ಬಳಿಕದ ಅಧ್ಯಯನಗಳಿಂದ ತಿಳಿಯಿತು. ಕಣ್ಣಿಗೆ ಮೊದಲು ಬಿದ್ದ ಕಾರಣವೇ ನಿಜವಾದ ಕಾರಣ ಆಗಿರಬೇಕಿಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದು.

ಪವಾಡದ ಗುಳಿಗೆ, ನಿಧಾನದ ಮದ್ದು

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ ಹಾಸಿಗೆ ಹಿಡಿದಿದ್ದ ಹೆಣ್ಣುಮಗಳೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿದ. ಕೆಲವೇ ದಿನಗಳಲ್ಲಿ ಆಕೆ ನಡೆದಾಡಿದಳು. 1950ರಲ್ಲಿ ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆದರೆ ಪವಾಡದ ಬೆಲೆಯೂ ಬೇಗ ತಿಳಿಯಿತು. ಮುಖ ಊದುವುದು, ಎಲುಬು ಟೊಳ್ಳಾಗುವುದು, ಸಕ್ಕರೆ ಏರುವುದು, ಸೋಂಕು ತಾಗುವುದು. ಈ ಸ್ಟೀರಾಯ್ಡುಗಳು ಇಂದಿಗೂ ಬೇಕಾದ ಔಷಧಗಳೇ. ವೈದ್ಯರ ಅಳತೆಯಲ್ಲಿ, ಅಗತ್ಯವಿದ್ದಷ್ಟು ದಿನ ಮಾತ್ರ. ಹೆಸರಿಲ್ಲದ ಪೊಟ್ಟಣದ ಪುಡಿಯೋ ಗುಳಿಗೆಯೋ ಒಂದೇ ರಾತ್ರಿಯಲ್ಲಿ ನೋವು ತೆಗೆದರೆ, ಅದರಲ್ಲಿ ಏನಿದೆಯೆಂದು ಸಂಶಯಪಡಲೇಬೇಕು.

ಈ ರೋಗದ ಹಾದಿ ಬದಲಿಸಿದ ಮದ್ದಿನ ಹಿಂದೆ ನಮ್ಮ ನೆರೆಯವರೊಬ್ಬರಿದ್ದಾರೆ. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮದರಾಸಿನಲ್ಲಿ ವೈದ್ಯ ಓದಿ ಅಮೆರಿಕಕ್ಕೆ ಹೋದ ಅವರ ಲೆಡರ್ಲೆ ಪ್ರಯೋಗಾಲಯದ ತಂಡ ರಕ್ತದ ಕ್ಯಾನ್ಸರಿಗೆಂದು ಸಿದ್ಧಪಡಿಸಿದ ಔಷಧಗಳ ಸಾಲಿನದೇ ಮೆಥೊಟ್ರೆಕ್ಸೇಟ್. 1988ರಲ್ಲಿ ಅಮೆರಿಕದಲ್ಲಿ ಇದಕ್ಕೆ ಆಮವಾತದ ಚಿಕಿತ್ಸೆಗೆ ಒಪ್ಪಿಗೆ ದೊರೆಯಿತು. ಇಂದು ಜಗತ್ತಿನೆಲ್ಲೆಡೆ ಮೊದಲ ಆಯ್ಕೆ ಇದೇ. ಹೆಚ್ಚು ದುಬಾರಿಯೂ ಅಲ್ಲ. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮದ್ದು ಇದು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರಿಗೆ ಸಲ್ಲದು. ಆಗಾಗ ರಕ್ತಪರೀಕ್ಷೆಯೂ ಬೇಕು. ಮಲೇರಿಯದ ಊರೆನಿಸಿಕೊಂಡ ಮಂಗಳೂರಿಗೆ ಕ್ಲೋರೋಕ್ವಿನ್ ಹಳೆಯ ಪರಿಚಯ. ಅದರ ತಮ್ಮ ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ಈ ಕಾಯಿಲೆಗೆ ಉಪಯೋಗಿ. 1992ರಲ್ಲಿ ಲಂಡನ್ನಿನಲ್ಲಿ ಮೈನಿ ಮತ್ತು ಫೆಲ್ಡ್‌ಮನ್ ಪ್ರಯೋಗಿಸಿದ ಜೈವಿಕ ಔಷಧಗಳು ಆಮೇಲೆ ಬಂದವು. ಅವುಗಳ ಬೆಲೆ ಮಾತ್ರ ಹೆಚ್ಚು.

ಯಾವಾಗ ಎಚ್ಚರ?

ಕೆಲಸ ಮಾಡಿದಾಗ ಹೆಚ್ಚಿ, ಕೂತರೆ ಕಡಿಮೆಯಾಗುವ ನೋವು ಸಾಮಾನ್ಯವಾಗಿ ಸವೆತದ್ದು. ಬೆಳಿಗ್ಗೆ ಎದ್ದಾಗಲೇ ಹೆಚ್ಚಿದ್ದು, ಗಂಟುಗಳ ಬಿಗಿತ ಅರ್ಧ, ಒಂದು ಗಂಟೆಯವರೆಗೂ ಸಡಿಲಾಗದಿದ್ದರೆ, ಎರಡೂ ಕೈಗಳ ಗಂಟುಗಳು ಬಾತು ಬಿಸಿಯಾಗಿದ್ದರೆ, ಇದು ಆರು ವಾರ ದಾಟಿದರೆ, ಅದು ಉರಿಯೂತದ ಲಕ್ಷಣ. ಚಿಕುನ್‌ಗುನ್ಯಾ ಬಂದುಹೋದವರಿಗೂ ಈ ಮಾತು ಅನ್ವಯ. ಆ ಜ್ವರ ಬಂದಿತ್ತು ಎಂಬುದು ಆಮವಾತ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ರಕ್ತಪರೀಕ್ಷೆಯೊಂದರಿಂದಲೇ ತೀರ್ಮಾನವೂ ಆಗದು. ಆರ್‌ಎ ಫ್ಯಾಕ್ಟರ್ ಇಲ್ಲದೆಯೂ ಕಾಯಿಲೆ ಇರಬಹುದು, ಇದ್ದೂ ಕಾಯಿಲೆ ಇಲ್ಲದಿರಬಹುದು.

ಎಲುಬಿನ ಹಾನಿ ಹೆಚ್ಚಾಗಿ ಶುರುವಾಗುವುದು ಮೊದಲ ಒಂದೆರಡು ವರ್ಷಗಳಲ್ಲಿ. ಒಮ್ಮೆ ಕೊರೆದುಹೋದ ಕೀಲನ್ನು ಯಾವ ಮದ್ದೂ ಮೊದಲಿನಂತೆ ಮಾಡಲಾರದು. ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಆರಂಭವಾದರೆ ಬಹುಮಂದಿ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡು ಬಾಳಬಲ್ಲರು. ಬೀಡಿಯ ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಕಟ್ಟುವ ಹೆಂಗಸಿಗೆ ಹತ್ತು ಬೆರಳುಗಳೇ ಸಂಪಾದನೆ. ಆಕೆಯ ನೋವನ್ನು ವಾತವೆಂದೋ ಹಳೆಯ ಜ್ವರದ ಬಾಕಿಯೆಂದೋ ಎಣ್ಣೆ ತಿಕ್ಕಿ ಸುಮ್ಮನಾಗುವ ಮೊದಲು, ಯಾವ ವಾತವೆಂದು ಒಮ್ಮೆ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳುವುದು ಮನೆಯವರ ಕರ್ತವ್ಯ.