ಎನ್ಸಿಸ್

ಪ್ರಾಣಿಗಳ ವೈಜ್ಞಾನಿಕ ಹೆಸರಿನ ಎರಡನೆಯ ಪದದ ತುದಿಯಲ್ಲಿ ಆಗಾಗ ಕಾಣುವ ‘ಎನ್ಸಿಸ್’ ಎಂಬುದು ಲ್ಯಾಟಿನ್ ಪ್ರತ್ಯಯವಾಗಿದ್ದು, ಊರಿನ ಹೆಸರಿಗೆ ಸೇರಿ ‘ಅಲ್ಲಿಗೆ ಸೇರಿದ’ ಎಂಬ ಅರ್ಥವನ್ನು ಕೊಡುತ್ತದೆ. ಕನ್ನಡದ ಷಷ್ಠೀ ವಿಭಕ್ತಿ ಮಾಡುವ ಕೆಲಸಕ್ಕೆ ಇದು ಹತ್ತಿರ. ಮೊದಲ ಪದವಾದ ಕುಲನಾಮವು ನಪುಂಸಕಲಿಂಗವಾದರೆ ಇದೇ ‘ಎನ್ಸೆ’ ಆಗುತ್ತದೆ.

ನೀರಿನಲ್ಲಿ ಮರಿಯಾಗಿ ಬೆಳೆದು, ಹೊರಬಂದ ಮೇಲೆ ರೆಕ್ಕೆ ಬಿಚ್ಚುವ ಏರೋಪ್ಲೇನ್ ಚಿಟ್ಟೆಗಳಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ‘ಗೊಂಫಿಡಿಯಾ ಕೊಡಗುಎನ್ಸಿಸ್’. ಇದನ್ನು 1923ರಲ್ಲಿ ವಿವರಿಸಿದ, ಎಂದರೆ ಬೇರೆ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಬರೆದು ಪ್ರಕಟಿಸಿದ, ಸೇನಾ ವೈದ್ಯ ಎಫ್. ಸಿ. ಫ್ರೇಸರ್, ಆಂಗ್ಲರ ಬಾಯಲ್ಲಿ ಕೊಡಗು ‘ಕೂರ್ಗ್’ ಆಗಿದ್ದ ಕಾಲದಲ್ಲಿಯೂ ಸ್ಥಳೀಯ ರೂಪವನ್ನೇ ಆರಿಸಿಕೊಂಡದ್ದು ಮೆಚ್ಚತಕ್ಕದ್ದು.

ಈ ಆಯ್ಕೆ ಸಣ್ಣದಲ್ಲ. ಹೆಸರು ಒಮ್ಮೆ ಪ್ರಕಟವಾದರೆ, ಮುಂದೆ ಊರಿನ ಹೆಸರೇ ಬದಲಾದರೂ ಅದರ ಮೂಲ ಕಾಗುಣಿತವನ್ನು ಉಳಿಸಿಕೊಳ್ಳಬೇಕೆಂಬುದು ಪ್ರಾಣಿನಾಮಕರಣದ ನಿಯಮ. ಉಡುಪಿ, ಕಾರ್ಕಳಗಳಿಗೆ ಪ್ರತ್ಯಯವನ್ನು ಹಚ್ಚುವುದು ಸುಲಭವಾದರೂ, ಇಂಗ್ಲಿಷಿನಲ್ಲಿ ಬಹುಕಾಲ ‘ಕೌಪ್’ ಎಂದು ಬರೆಯಲಾದ ಕಾಪುವಿನ ಹೊಳೆಯಲ್ಲಿ ಹೊಸ ಕೀಟವೊಂದು ಸಿಕ್ಕಿದರೆ, ಯಾವ ರೂಪ ಶಾಶ್ವತವಾಗಬೇಕೆಂಬುದನ್ನು ಹೆಸರಿಡುವವರೇ ನಿರ್ಧರಿಸಬೇಕಾಗುತ್ತದೆ. ಮಣಿಪಾಲದ ವಿಷಯದಲ್ಲಿ ಮತ್ತೊಂದು ಸೊಗಸಿದೆ: ‘ಮಣ್ಣುಪಳ್ಳ’ ಎಂಬ ಕೆರೆಯ ಹೆಸರಿನಿಂದಲೇ ಆ ಊರಿನ ಹೆಸರು ಬಂದಿತೆನ್ನಲಾಗುವುದರಿಂದ, ಅಲ್ಲಿನ ನೀರಕೀಟಕ್ಕೆ ಊರಿನ ಹೆಸರಿಟ್ಟರೆ ಅದು ಹುಟ್ಟಿದ ನೀರಿನ ಹೆಸರನ್ನೇ ಇಟ್ಟಂತಾಗುತ್ತದೆ.