ತೊಟ್ಟಿಲೂ ಬೊಕ್ಕಸವೂ

2024ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನ ಪತ್ನಿಯೂ ಜರ್ಮನಿಯ ಟ್ಯೂಬಿಂಗನ್ ಪಟ್ಟಣಕ್ಕೆ ಹೋಗಿದ್ದೆವು. ನಮ್ಮ ನಿಘಂಟುಕಾರ ಕಿಟ್ಟೆಲರು 1903ರಲ್ಲಿ ಕಣ್ಮುಚ್ಚಿದ ಊರು ಅದು. ಪತ್ನಿಗೆ ಅಲ್ಲಿ ಕೈತುಂಬ ಕೆಲಸ. ನನಗೆ ಬೇಕಾದಷ್ಟು ಬಿಡುವು. ಒಂದು ಸಂಜೆ ಮಗಳೂ ಅಳಿಯಂದಿರೂ ಊಟದ ಮೇಜಿನ ಮೇಲೆ ಉದ್ದನೆಯ ಅರ್ಜಿಯೊಂದನ್ನು ಹರಡಿಕೊಂಡು ಲೆಕ್ಕ ಹಾಕುತ್ತಿದ್ದರು. “ಇದು ಎಲ್ಟರ್‌ಗೆಲ್ಟ್ ಅಪ್ಪ. ಮಗುವನ್ನು ನೋಡಿಕೊಳ್ಳುವುದಕ್ಕಾಗಿ ಮನೆಯಲ್ಲಿರುವ ತಂದೆತಾಯಿಗೆ ಸರ್ಕಾರ ಕೊಡುವ ಹಣ” ಎಂದಳು ಮಗಳು. ಬಾಣಂತನದ ಹೊರೆ ತವರಿನದೆಂದು ನಂಬಿ ಬೆಳೆದವನು ನಾನು. ಒಂದು ರಾಜ್ಯವು ಆ ಹೊರೆಯಲ್ಲಿ ಒಂದು ಪಾಲನ್ನು ತನ್ನ ಬೊಕ್ಕಸದ ಲೆಕ್ಕಕ್ಕೆ ಬರೆದುಕೊಂಡದ್ದು ಹೇಗೆ? ಅಳಿಯಂದಿರು ಓದಿ ಹೇಳಿದ್ದು, ನಾನು ಹುಡುಕಿ ಓದಿದ್ದು, ಎರಡೂ ಸೇರಿ ಆದ ಕಥೆ ಇದು.

1878ರಲ್ಲಿ ಅಲ್ಲಿನ ಕಾಯಿದೆಯೊಂದು, ಕಾರ್ಖಾನೆಯ ಹೆಂಗಸರು ಹೆರಿಗೆಯಾದ ಮೂರು ವಾರ ಕೆಲಸಕ್ಕೆ ಬರಕೂಡದೆಂದು ವಿಧಿಸಿತು. ಆ ಮೂರು ವಾರಗಳ ಕೂಲಿಯ ಮಾತನ್ನು ಮಾತ್ರ ಎತ್ತಲಿಲ್ಲ. ವಿಶ್ರಾಂತಿ ಕಡ್ಡಾಯ, ಗಂಜಿ ಅವರವರ ಪಾಡು! 1883ರಲ್ಲಿ ಬಿಸ್ಮಾರ್ಕನ ಕಾಲದ ಕಾಯಿಲೆ ವಿಮೆ ಬಂದ ಮೇಲೆ, ವಿಮೆಯಿದ್ದ ಹೆಂಗಸರಿಗೆ ಆ ಮೂರು ವಾರ ಅಷ್ಟಿಷ್ಟು ಹಣ ದೊರೆಯಿತು. ಇದೆಲ್ಲವೂ ತಾಯಿಯ ದೇಹ ಚೇತರಿಸಿಕೊಳ್ಳಲೆಂದು ಕೊಟ್ಟದ್ದು. ಮಗುವನ್ನು ಸಾಕುವುದೂ ಒಂದು ದುಡಿಮೆಯೆಂಬ ಭಾವನೆ ಕಾನೂನಿಗೆ ಬರಲು ನೂರು ವರ್ಷ ಹಿಡಿಯಿತು.

ಎರಡನೆಯ ಮಹಾಯುದ್ಧದ ತರುವಾಯ ದೇಶ ಇಬ್ಭಾಗವಾಯಿತಷ್ಟೆ. ಪೂರ್ವ ಜರ್ಮನಿಯು 1976ರಲ್ಲಿ, ಎರಡನೆಯ ಮಗು ಹುಟ್ಟಿದರೆ ತಾಯಿಗೆ ಒಂದು ವರ್ಷದವರೆಗೆ ಹಣಸಹಿತ ರಜೆಯೆಂದಿತು. 1986ರಲ್ಲಿ ಮೊದಲ ಮಗುವಿಗೂ ಅದನ್ನು ವಿಸ್ತರಿಸಿತು. ಅದೇ 1986ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ತಿಂಗಳಿಗೆ 600 ಮಾರ್ಕುಗಳ ಶಿಶುಪಾಲನೆಯ ಭತ್ಯೆ ಜಾರಿಗೆ ಬಂತು. ಅದನ್ನು ತಂದೆಯೂ ಪಡೆಯಬಹುದಾಗಿತ್ತು, ನೌಕರಿಯಿಲ್ಲದ ಗೃಹಿಣಿಯೂ ಪಡೆಯಬಹುದಾಗಿತ್ತು. 1993ರಿಂದ ಹುಟ್ಟಿದ ಮಕ್ಕಳಿಗೆ ಅದರ ಅವಧಿ 24 ತಿಂಗಳಾಯಿತು. ಆದರೆ ಗಂಡನ ಸಂಬಳ ಬಿಟ್ಟು ಆ ಸಣ್ಣ ಮೊತ್ತವನ್ನು ನೆಚ್ಚಿಕೊಳ್ಳುವ ಮನೆ ಎಷ್ಟು? ಕೊನೆಗಾಲದಲ್ಲಿಯೂ ಅದನ್ನು ಪಡೆದ ತಂದೆಯರು ನೂರಕ್ಕೆ ಮೂರು-ನಾಲ್ಕು ಮಂದಿ.

2007ರ ಜನವರಿ 1ರಂದು ಲೆಕ್ಕವೇ ಬದಲಾಯಿತು. ಕೈಗೆ ಬರುತ್ತಿದ್ದ ಸಂಬಳದಲ್ಲಿ ನೂರಕ್ಕೆ 67 ಪಾಲು. ಕನಿಷ್ಠ 300 ಯೂರೋ, ಗರಿಷ್ಠ 1,800. ಅವಧಿ ಹನ್ನೆರಡು ತಿಂಗಳು. ಇಬ್ಬರೂ ಪಾಲು ತೆಗೆದುಕೊಂಡರೆ ಇನ್ನೆರಡು. ಆ ಎರಡು ತಿಂಗಳನ್ನು ಬವೇರಿಯದ ರಾಜಕಾರಣಿಯೊಬ್ಬರು ಲಂಗೋಟಿ ಬದಲಿಸುವ ಉಮೇದುವಾರಿಕೆಯೆಂದು ಗೇಲಿ ಮಾಡಿದರು. ಹೊಸ ಹಣವಿದ್ದದ್ದು ಆ ದಿನದ ಮಧ್ಯರಾತ್ರಿಯ ನಂತರ ಹುಟ್ಟಿದವರಿಗೆ ಮಾತ್ರ. ಹಾಗಾಗಿ ದಿನ ತುಂಬಿದ ಎಷ್ಟೋ ಗರ್ಭಿಣಿಯರು ಡಿಸೆಂಬರಿನ ಕಡೆಯ ವಾರವನ್ನು ಗಡಿಯಾರ ನೋಡುತ್ತ ಕಳೆದರು. ಹೆರಿಗೆಗಳಲ್ಲಿ ಒಂದು ಪಾಲು ನಿಜವಾಗಿಯೂ ಹೊಸ ವರ್ಷಕ್ಕೆ ಸರಿದದ್ದನ್ನು ಅನಂತರ ಅಂಕಿ-ಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಕಂಡುಕೊಂಡರು. ಸರ್ಕಾರದ ತಾರೀಖು ಪ್ರಸವವೇದನೆಯನ್ನೂ ಮುಟ್ಟಬಲ್ಲುದೆಂದು ನಾನೆಂದೂ ಭಾವಿಸಿರಲಿಲ್ಲ.

ಗೇಲಿ ಉಳಿಯಲಿಲ್ಲ. 2020ರ ಸುಮಾರಿಗೆ ಹುಟ್ಟಿದ ಮಕ್ಕಳ ತಂದೆಯರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಈ ಹಣ ಪಡೆದು ಮನೆಯಲ್ಲಿದ್ದರು. ಆದರೆ ಇದೇ ಕಾಯಿದೆಗೆ ಇನ್ನೊಂದು ಮುಖವಿದೆ. ಸಂಪಾದನೆಯೇ ಇಲ್ಲದ ತಾಯಿಗೆ ಹಿಂದೆ ಸುಮಾರು ಇಷ್ಟೇ ಹಣ 24 ತಿಂಗಳು ಬರುತ್ತಿತ್ತು; ಈಗ ಅದು ಹನ್ನೆರಡಕ್ಕೆ ಇಳಿಯಿತು. 2011ರಿಂದ, ಬಡವರಿಗೆ ಕೊಡುವ ಜೀವನಾಧಾರದ ಹಣದಲ್ಲಿ ಇದನ್ನೂ ಮುರಿದುಕೊಳ್ಳತೊಡಗಿದರು. ಆ 300 ಯೂರೋ 2024ರಲ್ಲಿಯೂ 300 ಆಗಿಯೇ ಇತ್ತು. ಸಂಬಳಕ್ಕೆ ತಕ್ಕ ಹಣವೆಂಬುದು ತಂದೆಯನ್ನು ಮನೆಗೆ ಕರೆತಂದಿತು, ನಿಜ. ಆದರೆ ಎರಡು ತೊಟ್ಟಿಲುಗಳಿಗೆ ಎರಡು ಬೆಲೆಯನ್ನೂ ಕಟ್ಟಿತು. ಹಣ ಮಗುವಿಗೋ, ಬಿಟ್ಟ ಸಂಬಳಕ್ಕೋ ಎಂಬ ಪ್ರಶ್ನೆಗೆ ಅಲ್ಲಿಯೂ ಉತ್ತರ ಮುಗಿದಿಲ್ಲ.

ಇನ್ನು ಆ ಸಂಜೆಯ ಅರ್ಜಿ. ಅಲ್ಲಿ ತಿಂಗಳೆಂದರೆ ಪಂಚಾಂಗದ ತಿಂಗಳಲ್ಲ, ಮಗುವಿನ ತಿಂಗಳು. ನಮ್ಮ ಮೊಮ್ಮಗಳು ಹುಟ್ಟಿದ್ದು 17ನೆಯ ತಾರೀಖು. ಅವಳ ತಿಂಗಳು 17ರಿಂದ 16ಕ್ಕೆ. ಇದನ್ನು ಮರೆತು ಒಂದನೆಯ ತಾರೀಖಿನಿಂದ ರಜೆ ಹಾಕಿದ ತಂದೆಗೆ ಅರ್ಧ ತಿಂಗಳ ಸಂಬಳ ಅಡ್ಡಬಂದು ಭತ್ಯೆ ಕರಗುತ್ತದೆ. ಹೆರಿಗೆಯ ನಂತರದ ಎಂಟು ವಾರ ತಾಯಿಗೆ ಬೇರೆ ಹಣ ಬರುವುದರಿಂದ ಮೊದಲೆರಡು ತಿಂಗಳು ಅವಳ ಲೆಕ್ಕಕ್ಕೇ ಜಮೆ. ಬೇಕಾದರೆ ಅರ್ಧ ಹಣವನ್ನು ಇಮ್ಮಡಿ ಕಾಲ ಪಡೆಯಬಹುದು. ಇದು 2015ರ ಸೌಲಭ್ಯ. ಅರ್ಜಿ ತಡವಾದರೆ ಹಿಂದಿನ ಮೂರು ತಿಂಗಳಿಗಿಂತ ಹೆಚ್ಚಿನದು ದಕ್ಕದು.

ಅಳಿಯಂದಿರು ಪೆನ್ಸಿಲಿನಿಂದ ತಮ್ಮ ಎರಡು ತಿಂಗಳನ್ನು ಗುರುತು ಮಾಡಿದರು: ಒಂದು, ನಾವು ಊರಿಗೆ ಹೊರಟ ಮೇಲಿನದು, ಇನ್ನೊಂದು, ಮಗಳು ಕೆಲಸಕ್ಕೆ ಮರಳುವಾಗಿನದು. ನಾನು ಸುಮ್ಮನೆ ನೋಡುತ್ತಿದ್ದೆ. ನನ್ನ ಮಗಳು ಹುಟ್ಟಿದ್ದು ಅವಳ ಅಜ್ಜಿಯ ಮನೆಯಲ್ಲಿ. ಸುದ್ದಿ ನನಗೆ ಕಾರ್ಡಿನಲ್ಲಿ ಬಂತು. ರಜೆ ದೊರೆತು ನಾನು ಹೋಗಿ ಎತ್ತಿಕೊಂಡಾಗ ಅವಳಿಗೆ ನಲವತ್ತು ದಿನ. ಹೊಸಬನನ್ನು ಕಂಡು ಅತ್ತಳು. ಆಗ ಅದು ನನಗೆ ಸಹಜವಾಗಿಯೇ ಕಂಡಿತ್ತು.