ಕಾಯಿಲೆಯ ಮಾತು, ರೋಗಿಯ ಭಾಷೆ

ನಮ್ಮ ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಇತಿಹಾಸ ಎಂದಕೂಡಲೆ ನಾವು ಕೋಟೆ, ಲಡಾಯಿ, ಗಡಿ ತಂಟೆ ಇವುಗಳನ್ನೇ ಹೇಳುತ್ತೇವೆ. ಇಲ್ಲಿಯ ಜನ ಜಡ್ಡು ಬಿದ್ದಾಗ ದವಾಖಾನೆಯಲ್ಲಿ ಯಾವ ಭಾಷೆ ಕೇಳಿಸಿಕೊಂಡರು ಎಂಬುದೂ ಇತಿಹಾಸವೇ ಆಗಿದೆ.

1948ರ ಸೆಪ್ಟೆಂಬರ್‌ವರೆಗೆ ಈ ಭಾಗ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. ಸರಕಾರದ ಭಾಷೆ ಉರ್ದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ ಮತ್ತು ಉದಗೀರ ಉಸ್ಮಾನಾಬಾದ ಜಿಲ್ಲೆಗೆ ಸೇರಿ ಮುಂಬೈ ರಾಜ್ಯಕ್ಕೆ ಹೋದವು. 1982ರಲ್ಲಿ ಅವು ಹೊಸ ಲಾತೂರ ಜಿಲ್ಲೆಗೆ ಬಂದವು. ಉಮರಗಾ ಈಗ ಧಾರಾಶಿವ ಎನಿಸಿಕೊಂಡಿರುವ ಹಳೆಯ ಜಿಲ್ಲೆಯಲ್ಲಿಯೇ ಉಳಿಯಿತು. ಕಚೇರಿಯ ಮಾತು ಮರಾಠಿ ಆಯಿತು, ಔಷಧ ಚೀಟಿ ಇಂಗ್ಲಿಷ್ ಆಯಿತು. ಎಷ್ಟೋ ಮನೆಗಳಲ್ಲಿ ಅಡಿಗೆಮನೆಯ ಮಾತು ಕನ್ನಡವಾಗಿಯೇ ಉಳಿಯಿತು. ತಾಂಡಾಗಳಲ್ಲಿ ಲಂಬಾಣಿ ಮಾತು ಉಳಿಯಿತು.

ಕಿಡ್ನಿ ಕಾಯಿಲೆಯಲ್ಲಿ ಈ ಅಂತರ ಎದ್ದು ಕಾಣುತ್ತದೆ. ಕನ್ನಡ ಮತ್ತು ಮರಾಠಿ ಪಠ್ಯಪುಸ್ತಕಗಳೆರಡರಲ್ಲಿಯೂ 'ಮೂತ್ರಪಿಂಡ' ಎಂದೇ ಇದೆ, ಆದರೆ ಮನೆಯಲ್ಲಿ ಯಾರೂ ಹಾಗೆ ಆಡುವುದಿಲ್ಲ. 'ಕಿಡ್ನಿ' ಎಂದರೆ ಬಹಳ ಜನರಿಗೆ ಹರಳು ನೆನಪಾಗುತ್ತದೆ. ಹರಳು ನೋಯುತ್ತದೆ, ಬಿದ್ದುಹೋಗುತ್ತದೆ. ಕಿಡ್ನಿ ಸೋಲುವುದು ಹಾಗಲ್ಲ. ಅದು ಮೊದಮೊದಲು ನೋವಿಲ್ಲದೆ ಬೆಳೆಯುತ್ತದೆ. ಪೂರ್ತಿ ಸೋತಮೇಲೆ ವಾರಕ್ಕೆ 2 ಅಥವಾ 3 ಸಲ, ಸಲಕ್ಕೆ ಸುಮಾರು 4 ತಾಸು ಡಯಾಲಿಸಿಸ್ ಬೇಕಾಗುತ್ತದೆ. ಇದನ್ನು ಅವಸರದ ಒಂದು ಮಾತಿನಲ್ಲಿ ಹೇಳಿ ಮುಗಿಸಲು ಬರುವುದಿಲ್ಲ.

ಈ ಪಾಠವನ್ನು ಜಗತ್ತಿಗೆ ಚೆನ್ನಾಗಿ ಕಲಿಸಿದವರು ಆಸ್ಟ್ರೇಲಿಯಾದ ಮೂಲನಿವಾಸಿಗಳು. ಅಲ್ಲಿಯ ಮರುಭೂಮಿಯ ಕಿಂಟೋರ್ ಎಂಬ ಊರಿನವರು ಡಯಾಲಿಸಿಸ್‌ಗಾಗಿ ಸುಮಾರು 500 ಕಿಲೋಮೀಟರ್ ದೂರದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣಕ್ಕೆ ಹೋಗಿ, ನೆಲ, ನಂಟರನ್ನು ಬಿಟ್ಟು ಅಲ್ಲಿಯೇ ಇರಬೇಕಾಗಿತ್ತು. 2000ರಲ್ಲಿ ಆ ಭಾಗದ ಪಿಂಟುಪಿ ಕಲಾವಿದರು ತಮ್ಮ ಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜು ಹಾಕಿ 10 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. 2004ರಲ್ಲಿ ಕಿಂಟೋರ್‌ನಲ್ಲಿಯೇ ಡಯಾಲಿಸಿಸ್ ಆರಂಭವಾಯಿತು. ತಮ್ಮ ಸಂಸ್ಥೆಗೆ ಅವರು ಇಟ್ಟ ಹೆಸರಿನ ಅರ್ಥ, ನಮ್ಮ ಮನೆಮಂದಿಯನ್ನೆಲ್ಲ ಗುಣಪಡಿಸುವುದು ಎಂದು. ಕಾಯಿಲೆ ಒಬ್ಬರದಾದರೂ ಚಿಕಿತ್ಸೆ ಕುಟುಂಬದ್ದು ಎಂಬುದನ್ನು ಆ ಹೆಸರೇ ಹೇಳುತ್ತದೆ.

ನಮ್ಮ ಮಹಾರಾಷ್ಟ್ರದಲ್ಲಿಯೂ ಇಂಥ ಉದಾಹರಣೆ ಉಂಟು. ಡಾ. ಅಭಯ ಬಂಗ ಮತ್ತು ಡಾ. ರಾಣಿ ಬಂಗ ದಂಪತಿಗಳು 1986ರಲ್ಲಿ ಗಡಚಿರೋಲಿಯಲ್ಲಿ ಕೆಲಸ ಆರಂಭಿಸಿದರು. ದವಾಖಾನೆಗೆ ಬರಲು ಏಕೆ ಅಂಜುತ್ತೀರಿ ಎಂದು ಗೊಂಡ ಜನರನ್ನೇ ಕೇಳಿದರು. ಬಿಳಿ ಬಟ್ಟೆ ಹೆಣಕ್ಕೆ ಹೊದಿಸುವುದು, ಅದನ್ನು ಉಟ್ಟವರನ್ನು ಕಂಡರೆ ಭಯ, ಜೊತೆಗೆ ನಂಟರನ್ನು ಇರಗೊಡುವುದಿಲ್ಲ ಎಂಬ ಉತ್ತರ ಬಂತು. ಆಗ ಹಳ್ಳಿಯ ಗುಡಿಸಲುಗಳ ಮಾದರಿಯಲ್ಲಿ ದವಾಖಾನೆ ಕಟ್ಟಿ, ಜನರು ನಂಬುವ ದಂತೇಶ್ವರಿ ದೇವಿಯ ಹೆಸರಿಟ್ಟರು. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆಯೇ ಇದ್ದು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. ಸೋಲಿಗರಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆ ಕಿಡ್ನಿಯನ್ನೂ ಕೆಡಿಸಬಲ್ಲದು. ಅದು ವಂಶದಲ್ಲಿ ಬರುವ ಕಾಯಿಲೆಯಾದ್ದರಿಂದ, ಮದುವೆಯ ಮಾತಿನವರೆಗೂ ಹೋಗುವ ಸಂಗತಿ. ನಂಬಿಕೆ ಇಲ್ಲದೆ ಅದನ್ನು ಆಡಲು ಬರುವುದಿಲ್ಲ.

ಇನ್ನು ನಮ್ಮ ಮಾತು. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಯೋಜನೆ 2016ರಲ್ಲಿ ಬಂತು. ಯಂತ್ರ ಹತ್ತಿರ ಬಂದಂತೆ ಮಾತೂ ಹತ್ತಿರ ಬರಬೇಕು. 'ಉಪ್ಪು ಕಡಿಮೆ ಮಾಡಿ' ಎಂದರೆ ಸಾಲದು. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ ಇವುಗಳ ಹೆಸರು ಹಿಡಿದು ಕೇಳಬೇಕು. 'ನೀರು ಅಳೆದು ಕುಡಿಯಿರಿ' ಎಂದರೂ ಸಾಲದು. ನಮ್ಮ ಕಡೆ ಬೀಗರ ಮನೆಗೆ ಹೋಗಿ ನೀರು, ಚಹಾ ಬೇಡವೆಂದರೆ ಅವರಿಗೆ ಅವಮಾನ. ಆದ್ದರಿಂದ ಬೀಗರಿಗೂ ಕಾಯಿಲೆಯ ವಿಷಯ ತಿಳಿದಿರಬೇಕು. ನಾಟಿ ಔಷಧ ತೆಗೆದುಕೊಂಡವರನ್ನು ಬೈದರೆ ಅವರು ಮುಚ್ಚಿಡುತ್ತಾರೆ. ಗೌರವದಿಂದ ಕೇಳಿದರೆ ಹೇಳುತ್ತಾರೆ. ನೋವಿನ ಗುಳಿಗೆಗಳ ವಿಷಯವೂ ಹಾಗೆಯೇ, ಅವೂ ಕಿಡ್ನಿಗೆ ಅಪಾಯ ಮಾಡಬಲ್ಲವು.

ಕನ್ನಡ, ಮರಾಠಿ ಎರಡೂ ಬಲ್ಲವರು ನಮ್ಮ ಶಾಲೆಯ ಮಕ್ಕಳೇ ಆದ್ದರಿಂದ, ಅಜ್ಜ-ಅಜ್ಜಿಯ ಜೊತೆ ದವಾಖಾನೆಗೆ ಹೋಗುವವರೂ ಎಷ್ಟೋ ಸಲ ಅವರೇ. ದಾರಿ ಕೇಳಲು, ಚೀಟಿ ಓದಲು ಮಕ್ಕಳು ನೆರವಾಗಲಿ. ಆದರೆ 'ನಿಮ್ಮ ಕಿಡ್ನಿ ಸೋತಿವೆ' ಎಂಬ ಮಾತನ್ನು ಹನ್ನೆರಡು ವರ್ಷದ ಹುಡುಗಿಯ ಬಾಯಿಂದ ಅಜ್ಜಿಗೆ ಹೇಳಿಸುವುದು ನ್ಯಾಯವಲ್ಲ. ಆ ದಿನ ಮನೆಯ ಹಿರಿಯರೊಬ್ಬರು ಜೊತೆಗಿರಬೇಕು. ಡಾಕ್ಟರು ಹೇಳಿದ್ದನ್ನು ರೋಗಿಯೇ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಆಗ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಗೊತ್ತಾಗುತ್ತದೆ. ಪಾಲಕರ ಸಭೆಯಲ್ಲಿ ಈ ಎರಡು ಮಾತನ್ನು ಹೇಳಲು ಖರ್ಚೇನೂ ಇಲ್ಲ. ನಮ್ಮ ಶಾಲೆಗಳು ಇಷ್ಟನ್ನಾದರೂ ಮಾಡಲಿ.